ಐದನೇ ಕೊಳವೆ

ಮಾಜಾಳಿಯ ಪುರ್ಸು ಬೆಳಗಿನ ಆರಕ್ಕೆ
ಮರದಿಂದ ಇಳಿದವನೇ ಕೊಟ್ಟ ಸೂರು, ಅರ್ಧ ಬಾಟಲಿ.
ಕಾರವಾರದ ಬಸ್ಸಿನಲ್ಲಿ ಎರಡು ಸಲ ಮುಚ್ಚಳ ಹಾರಿತು.
ಕಂಡಕ್ಟರ್ ನನ್ನ ಮುಖ ನೋಡಿದ.
‘ಕಾಲೇಜಿಗೆ’ ಅಂದೆ. ನಂಬಲಿಲ್ಲ.

ಅದರೊಳಗಿನ ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿ
ಐದು ಕೊಳವೆಗಳಲ್ಲಿ ಐದು ಸಕ್ಕರೆ ಬಡಿಸಿದೆ.

ಗ್ಲೂಕೋಸು ಬೆಳಗಾಗುವುದರೊಳಗೆ ಖಾಲಿ;
ಬೋರಲು ಹಾಕಿದ ಪುಟ್ಟ ನಳಿಗೆಯಲ್ಲಿ ಗಾಳಿ ತುಂಬಿತ್ತು.
ಫ್ರಕ್ಟೋಸಿಗೆ ತುಸು ತಡ.
ಕಬ್ಬಿನ ಸಕ್ಕರೆಯನ್ನು ಎರಡಾಗಿ ಸೀಳಿ ತಿಂದು
ಒಂದಿಷ್ಟು ಲೋಳೆ ನೇಯ್ದಿಟ್ಟಿತು, ಯಾಕೋ.
ಹಾಲಿನ ಸಕ್ಕರೆ?
ಮೂಸಿಯೂ ನೋಡಲಿಲ್ಲ.

ಎಷ್ಟು ತಿಂದರೂ ಮೈ ಹತ್ತದ ಜೀವ ಇದು.
ಯೀಸ್ಟು ಎರಡು ಕಾಸು ದುಡಿಯುವಲ್ಲಿ ಇದಕ್ಕೆ ಒಂದೇ.
ಅದಕ್ಕೇ ಈ ಧಾವಂತ:
ತಿನ್ನು, ಅಮಲನ್ನು ಹೊರಗೆ ಚೆಲ್ಲು, ಮತ್ತೆ ತಿನ್ನು.

ಐದನೆಯದು ಮರದ ಸಕ್ಕರೆ, ಕ್ಸೈಲೋಸು.
ಮೂರು ದಿನವೂ ಹಾಕಿಟ್ಟ ಹಾಗೇ ತಿಳಿ.
ಸತ್ತಿರಬೇಕು ಅಂದುಕೊಂಡು
ಒಂದು ಹನಿ ಗ್ಲೂಕೋಸು ಬಿಟ್ಟೆ.
ರಾತ್ರಿ ಕಳೆದು ನೋಡಿದರೆ
ಸಾಸಿವೆಯಷ್ಟು ಗುಳ್ಳೆ.

ಪುರ್ಸುಗೆ ಹೇಳಿದೆ:
ಬಾಗಿಲು ದಾಟಿ ಒಳಗೇನೋ ಬರುತ್ತದೆ ಆ ಸಕ್ಕರೆ,
ಒಡೆಯಲಿಕ್ಕೆ ಅದರ ಹತ್ತಿರ ಏನೂ ಇಲ್ಲ.
ಸೊಂಟದ ಪಟ್ಟಿ ಬಿಗಿದುಕೊಳ್ಳುತ್ತ ಅಂದ:
‘ಕತ್ತಿಯಿಲ್ಲದ ಮನೆಗೆ ತೆಂಗಿನಕಾಯಿ ಬಂದ ಹಾಗೆ.’
ಹತ್ತಿ ಹೋದ.

ರೆಕಾರ್ಡು ಪುಸ್ತಕದಲ್ಲಿ ಐದರ ಮುಂದೆ
‘ಬೆಳವಣಿಗೆ ಇಲ್ಲ’ ಎಂದಿದ್ದನ್ನು ಹೊಡೆದುಹಾಕಿ
‘ಕತ್ತಿ ಇಲ್ಲ’ ಅಂತ ಬರೆದೆ.
ನಾಯ್ಕ ಸರ್ ಅದಕ್ಕೆ
ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ.
ತಪ್ಪು ಅಂತಲೂ ಬರೆದಿಲ್ಲ.