ಉಣ್ಣೆಯ ಎಳೆ

ಬಾಣಾವರ ದಾಟಿ ಜಾವಗಲ್ ಕಡೆ ಹೊರಳಿದರೆ
ರಸ್ತೆ ನೆಟ್ಟಗಿರುವುದು ಒಂದೂವರೆ ಕಿಲೋಮೀಟರು.
ಅದೇ ನಮ್ಮ ಪ್ರಯೋಗಶಾಲೆ.
ಭಾನುವಾರ, ಹಾಲಿನ ವ್ಯಾನು ಹೋದ ಮೇಲೆ,
ಮೊದಲ ಬಸ್ಸು ಬರುವ ಮುಂಚೆ.

ಚೌಕ ಪೈಪಿನ ಪಂಜರ, ಎರಡು ಸೀಟು,
ಖಲಂದರ್ ಹಾಸನದ ಶೆಡ್ಡಿನಲ್ಲಿ
ಬಡಿದೂ ಬಡಿದೂ ಬಗ್ಗಿಸಿದ ತಗಡು,
ಬೆನ್ನಿಗೆ ಗುಜರಿಯ ಮಾರುತಿ ಎಂಜಿನ್.
ಅರಸೀಕೆರೆ ಕೊಬ್ಬರಿ ಮಂಡಿಯ ತೂಕದಲ್ಲಿ
ನಾನೂರ ಎಂಬತ್ತು ಕೆಜಿ.
ಇಷ್ಟು ಹಗುರಕ್ಕೆ ಹಾರಬೇಕಿತ್ತು.
ನೂರರ ಗಡಿ ದಾಟಿದ್ದೇ ತಡ
ಯಾರೋ ಹಿಂದಿನಿಂದ ಪಂಚೆ ಹಿಡಿದ ಹಾಗೆ.
ವಾಯುಪುತ್ರನ ಹೆಸರು ಹೊತ್ತು
ಅಪ್ಪನ ಜೊತೆಗೇ ಜಗಳ.

ಎಂಟು ತಿಂಗಳು ಮೂತಿ ತೀಡಿದೆವು.
ಪುಟ್ಟಿ ಮೆತ್ತಿ, ಕೆರೆದು, ಮತ್ತೆ ಮೆತ್ತಿ,
ಮೀನಿನ ಮೂತಿ, ಮಿಂಚುಳ್ಳಿಯ ಮೂತಿ,
ಕೊನೆಗೆ ಖಲಂದರನ ಭಾವನ ಮೂತಿ.
ಪರೀಕ್ಷೆ ಮಾತ್ರ ಸರಳ:
ಮೋರಿಯ ಹತ್ತಿರ ಎಂಬತ್ತಕ್ಕೆ ಗೇರು ತಪ್ಪಿಸಿ
ಸುಮ್ಮನೆ ಕೂರುವುದು.
ಎಲ್ಲಿ ನಿಲ್ಲುತ್ತದೋ ಅಲ್ಲಿ ಸುಣ್ಣದ ಗೆರೆ.
ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ,
ಕೂಡಿ ಅರ್ಧ.
ಎಂಟು ತಿಂಗಳ ಮೂತಿಗೆ ಸಿಕ್ಕಿದ್ದು
ಮೂರು ಹೆಜ್ಜೆ.
ಗಾಳಿಗೆ ಗುದ್ದಿ ಮೈ ನೋಯಿಸಿಕೊಳ್ಳುವುದು
ಗಾದೆ ಅಂದುಕೊಂಡಿದ್ದೆ.

ಎಳೆ ಅಂಟಿಸಿ ನೋಡೋಣ ಅಂದವನು ನಾನು.
ಉಣ್ಣೆ ಕೊಟ್ಟವನು ಮೈಲಾರಪ್ಪ,
ರಸ್ತೆ ಬದಿ ಕುರಿ ತರುಬಿಕೊಂಡು ನಿಂತಿದ್ದ.
'ಗಾಳಿಗೆ ಉಣ್ಣೆ ಹಾಕೋರ್ನ
ಇವತ್ತೇ ನೋಡಿದ್ದು ಸಾ,' ಅಂತ
ಕಂಕುಳಿನಿಂದ ಕದಿರು ತೆಗೆದು
ಗೇಣುದ್ದ ಗೇಣುದ್ದ ಹರಿದು ಕೊಟ್ಟ.
ಕರಿ ತಗಡಿಗೆ ಬಿಳಿ ಎಳೆ, ಇನ್ನೂರ ಹತ್ತು.
ಕಾರಿಗೆ ರೋಮಾಂಚನವಾದಂತೆ.

ಅವನು ಓಡಿಸಿದ. ನಾನು ಬೈಕಿನ ಹಿಂದೆ ಕೂತು
ಮೊಬೈಲು ಹಿಡಿದು ಪಕ್ಕಕ್ಕೆ.
ಮೂತಿಯ ಮೇಲೆ ಎಳೆಗಳೆಲ್ಲ
ಎಣ್ಣೆ ಹಚ್ಚಿ ಬಾಚಿದ ತಲೆ.
ಬಾಗಿಲ ಗುಂಟ ಸಾಲಾಗಿ, ಮಾತಿಲ್ಲದೆ.
ಆಮೇಲೆ ಹಿಂಭಾಗ, ಥಟ್ಟನೆ ಕೊಯ್ದ ಕಡೆ,
ಒಂದು ಮೇಲೆ, ಒಂದು ಅಡ್ಡ,
ಹತ್ತಾರು ಎಳೆ ಮುಂದಕ್ಕೇ ತಿರುಗಿ
ಬಂದ ದಾರಿ ನೋಡುತ್ತಿವೆ.
ಸೀಳಿದ್ದೆವು, ಸರಿಯಾಗಿಯೇ ಸೀಳಿದ್ದೆವು.
ಸೀಳಿದ್ದನ್ನು ಮತ್ತೆ ಸೇರಿಸುವುದು
ನಮ್ಮ ಕೆಲಸವೆಂದು ಹೊಳೆದಿರಲಿಲ್ಲ.

ಮೈಲಾರಪ್ಪ ವೀಡಿಯೋ ನೋಡಿದ, ಎರಡು ಸಲ.
'ಎದೆ ಕೊಟ್ರೆ ಗಾಳಿ ಏನೂ ಮಾಡಲ್ಲ ಸಾ.
ಬೆನ್ನಿಗೆ ಕೊಪ್ಪೆ ಇಲ್ದಿದ್ರೆ
ಹಿಂದಿಂದ ಒಳಕ್ ನುಗ್ತದೆ ಥಂಡಿ.'
ಕಂಬಳಿ ಮಡಿಸಿ ತಲೆಗೇರಿಸಿ ತೋರಿಸಿದ:
ಹೆಗಲಿಂದ ಇಳಿಜಾರು, ಕೆಳಗೆ ಬರುತ್ತ ಸಣ್ಣ.
ಖಲಂದರ್ ಅವನ ಸುತ್ತ ಮೂರು ಸುತ್ತು ಬಂದು
ಗೇಣಿನಲ್ಲಿ ಬೆನ್ನು ಅಳೆದ.
ಕುರಿಗಳು ಕಾದವು.

ಸೀಳಿದ ಬಿದಿರು, ತಂತಿ,
ಸೋತ ಅಭ್ಯರ್ಥಿಯ ಫ್ಲೆಕ್ಸು.
ಕಾರಿನ ಬೆನ್ನಿಗೆ ಕೊಪ್ಪೆ ಹೊಲಿದೆವು.
ಕೈ ಮುಗಿದ ಅವರ ಅರ್ಧ ಮುಖ
ಬಿಗಿದು ನಗುತ್ತಿತ್ತು.
ತಳಕ್ಕೆ ಎಣ್ಣೆ ಡಬ್ಬದ ತಗಡು ಬಡಿದು
ಸೈಲೆನ್ಸರಿನ ಉಬ್ಬು ಮುಚ್ಚಿದೆವು.

ಮೋರಿ. ಎಂಬತ್ತು. ಗೇರು ತಪ್ಪಿತು.
ಎಂಜಿನ್ ಆರಿದ ಮೇಲೆ
ಇಷ್ಟು ದಿನ ಕಿವಿಯ ಹಿಂದೆ ಹರಿಯುತ್ತಿದ್ದ
ಹಳೇ ಸೀರೆಯ ಸದ್ದು
ಇರಲಿಲ್ಲ.
ಟೈರಿನ ಸದ್ದು ಮಾತ್ರ, ದೂರದಲ್ಲೊಂದು ಟಿಟ್ಟಿಭ.
ಹಳೆಯ ಗೆರೆ ಬಂತು, ಹೋಯಿತು.
ಕಾರು ಇನ್ನೂ ಹೋಗುತ್ತಿತ್ತು,
ಅವಸರವಿಲ್ಲದೆ,
ಯಾರೋ ಕಳಿಸಿಕೊಡಲು ಬಂದವರ ಹಾಗೆ.

ಖಲಂದರ್ ಎಣಿಸಿದ: ನಲವತ್ತಾರು.
ನಾನು ಎಣಿಸಿದೆ: ನಲವತ್ತೊಂದು.
ಅವನ ಎಡಗಾಲು ತುಸು ಗಿಡ್ಡ, ಹೆಜ್ಜೆ ಚಿಕ್ಕದು.
'ನಿನ್ನ ಕಾಲು ಉದ್ದ ಅಂತ
ಗಾಳಿಗೆ ನಷ್ಟ ಯಾಕೆ?' ಅಂದ.
ನೋಟುಪುಸ್ತಕದಲ್ಲಿ ಎರಡೂ ಬರೆದೆವು.

ಚಕ್ರದ ಬಳಿಯ ಎಳೆಗಳು
ಇನ್ನೂ ಹುಚ್ಚು ಹಿಡಿದೇ ಇವೆ.
ಅದು ಬರುವ ಭಾನುವಾರಕ್ಕೆ.