ಕೂತು ನೋಡಬೇಕು

ನಿಂತರೆ ಎಲ್ಲವೂ ಚೆಂದವೇ,
ಮೀನಿಗೆ ಕಾಯುವುದು ಕೂತು, ಅಂದೆ.
ಕುಶಾಲನಗರದ ಅಂಗಡಿಯಲ್ಲಿ ಹಂಸಾಕ
ಕೆಂಪು ಪ್ಲಾಸ್ಟಿಕ್ ಸ್ಟೂಲು ಎಳೆದು ಕೊಟ್ಟರು.

ಮೊದಲನೆಯದು ಕೂತ ಕೂಡಲೇ ಕಿವಿಯವರೆಗೆ ಬಂತು:
ಆಮೆಯಾದೆ.
ಎರಡನೆಯದರ ಬೆನ್ನು ದಪ್ಪ,
ಕಯಾಕಿನ ಸೀಟಿಗೆ ತಾಗಿ ದಿನವಿಡೀ ಮುಂದಕ್ಕೆ ನೂಕೀತು
ಬಸ್ಸಿನ ಕ್ಯೂನಲ್ಲಿ ಹಿಂದೆ ನಿಂತವರ ಹಾಗೆ.

ಮೂರನೆಯದು ತೊಟ್ಟು
ಇಲ್ಲದ ಗಾಳ ಬೀಸಿದೆ ಅಂಗಡಿಯೊಳಗೇ.
ಕಂಕುಳು ಉಜ್ಜಲಿಲ್ಲ. ತೂಗುಹಾಕಿದ್ದ ಕೊಡೆಯೊಂದು ಬಿತ್ತು.
ಬೊಳ್ಳವ್ವ ಹಿಂದಿನಿಂದ ಎರಡೂ ಹೆಗಲಪಟ್ಟಿ ಹಿಡಿದು
ಬೆಕ್ಕು ಮರಿಯನ್ನೆತ್ತುವಂತೆ ಎತ್ತಿದಳು.
ಜಾಕೆಟ್ಟು ಜಾರಲಿಲ್ಲ, ನಾನೇ ಮೇಲೆದ್ದೆ.

"ಬಣ್ಣ?"
ಹಸಿರು ಬೇಡ. ಚಿಕ್ಲಿಹೊಳೆಯ ದಂಡೆಯೆಲ್ಲ ಹಸಿರೇ,
ಹುಡುಕುವವರಿಗೆ ಕಷ್ಟ.
ಕಿತ್ತಳೆ ಕೊಡಿ.
ಆ ಮಾತಿಗೆ ಮೂವರೂ ಒಂದು ಗಳಿಗೆ ಸುಮ್ಮನಾದೆವು.
ಹಂಸಾಕ ಕೊಡೆ ಎತ್ತಿಟ್ಟರು.

ಭಾನುವಾರ ಒಂದೂ ಮೀನಿಲ್ಲ.
ಮರಳುವಾಗ ಗುಡ್ಡೆಹೊಸೂರಲ್ಲಿ ಎರಡು ಟೀ ಕುಡಿದು
ಚಿಲ್ಲರೆಗೆಂದು ಜೇಬು ತಡಕಿದರೆ
ಸಿಕ್ಕಿದ್ದು ನೂಲು ಕತ್ತರಿಸುವ ಪುಟ್ಟ ಕತ್ತರಿ.
ಇನ್ನೂ ಮೈಮೇಲೇ ಇದೆ!
ಗ್ಲಾಸು ತೊಳೆಯುತ್ತಿದ್ದ ಹುಡುಗ ಕೇಳಿದ:
"ಇಲ್ಲೆಲ್ಲಿ ನೀರು, ಅಕ್ಕ?"