ನನ್ನ ಕಡೆಯ ಬ್ರೇಕು

ಚಿಂತಾಮಣಿಯ ಟೊಮೇಟೊ ಮಂಡಿ ದಾಟಿದ ಮೇಲೆ
ರಸ್ತೆ ರಸ್ತೆಯಲ್ಲ, ಸಾರು.
ಕ್ರೇಟಿನಿಂದ ಉರುಳಿದ್ದು, ಲಾರಿಗಾಲಿ ಅರೆದದ್ದು,
ಮೇಲಿಷ್ಟು ಇಬ್ಬನಿ.
ಮೊದಲ ಪಾಠ ನಾನು ಇಲ್ಲೇ ಹೇಳುವುದು:
ಬ್ರೇಕು ಹಿಡಿಯುವುದು ಗಾಲಿಯನ್ನು, ಅಮ್ಮಾ.
ಕಾರನ್ನು ಹಿಡಿಯುವುದು ನೆಲ.
ನೆಲ ಒಲ್ಲೆ ಅಂದರೆ ನೀವು ಎಷ್ಟು ತುಳಿದರೂ ಅಷ್ಟೇ.

ಮುನಿರತ್ನಮ್ಮನಿಗೆ ಐವತ್ತೆರಡು.
ಸೀರೆಯ ಮೇಲೆ ಸ್ವೆಟರು, ಸೆರಗು ಸೊಂಟಕ್ಕೆ,
ಸ್ಟೇರಿಂಗನ್ನು ಹಿಡಿದದ್ದು
ಯಾರೋ ಕಸಿದುಕೊಂಡಾರು ಎಂಬ ಹಾಗೆ.
ಎಡಗಡೆ ಸೀಟಿನಲ್ಲಿ ನಾನು.
ನನ್ನ ಕಾಲ ಬಳಿಯೂ ಒಂದು ಬ್ರೇಕು,
ಕಬ್ಬಿಣದ ಸರಳಿನಿಂದ ಅವರ ಬ್ರೇಕಿಗೆ ಕಟ್ಟಿದ್ದು.
ಹದಿನಾಲ್ಕು ವರ್ಷದಲ್ಲಿ ಅದರ ರಬ್ಬರು
ನನ್ನ ಹೆಬ್ಬೆರಳಿನ ಆಕಾರಕ್ಕೆ ಸವೆದಿದೆ.

ಕಣ್ಣು ನೋಡಬೇಕು, ಮನಸ್ಸು ಹೌದೆನ್ನಬೇಕು,
ಕಾಲು ಆಮೇಲೆ ಏಳಬೇಕು.
ಅಷ್ಟರಲ್ಲಿ ಎರಡು ಅಂಗಡಿ ಹಿಂದಕ್ಕೆ ಹೋಗಿರುತ್ತವೆ.
ವೇಗ ಎರಡರಷ್ಟಾದರೆ ನಿಲ್ಲುವ ದೂರ ನಾಲ್ಕರಷ್ಟು
ಅಂದೆ.
ಮೂವತ್ತು ವರ್ಷ ಚೀಟಿ ನಡೆಸಿದವರು, ತಕ್ಷಣ ಹಿಡಿದರು:
"ಚಕ್ರಬಡ್ಡಿ ಅನ್ನಿ."

ಕಾರು ಅವರಪ್ಪನದು. ಬಿಳಿ ಓಮ್ನಿ.
ಅಪ್ಪ ಹೋದ ಮೇಲೆ ಪಾಲಿನ ದಾವೆ, ಎರಡೂವರೆ ವರ್ಷ.
ಜಮೀನು, ಅಂಗಡಿ, ಬಾವಿ, ಬಾವಿಯ ಮೋಟರು
ಎಲ್ಲದರ ಜೊತೆ ಕಾರೂ ಪಟ್ಟಿಯಲ್ಲಿ;
ಯಾರೂ ಮುಟ್ಟುವಂತಿಲ್ಲ.
ಇವರು ಮಾತ್ರ ಮಧ್ಯಾಹ್ನ, ಅತ್ತಿಗೆಯರು ಮಲಗಿದಾಗ,
ಶೆಡ್ಡಿಗೆ ಹೋಗಿ ಕೀಲಿ ಅರ್ಧ ತಿರುಗಿಸಿ
ರೇಡಿಯೋ ಕೇಳುತ್ತಿದ್ದರಂತೆ.
ವಾರ್ತೆ. ಕೃಷಿರಂಗ. ಮತ್ತೆ ವಾರ್ತೆ.
ಕೊನೆಗೆ ರಾಜಿಯಾಗಿ,
"ನನಗೆ ಕಾರು ಸಾಕು" ಅಂದ ದಿನ
ಕೀಲಿ ಪೂರ್ತಿ ತಿರುಗಿಸಿದರೆ
ಟಕ್.
ಅಷ್ಟೇ. ಟಕ್.

ಬಸ್ ಸ್ಟ್ಯಾಂಡಿನ ಹಿಂದೆ ಬಾಬಾಜಾನ್ ಸಾಬರ ಬ್ಯಾಟರಿ ಅಂಗಡಿ.
ಬಾನೆಟ್ಟು ಎತ್ತಿದರೆ, ಟರ್ಮಿನಲ್ಲಿನ ಮೇಲೆ
ಮೈಲುತುತ್ತದಂಥ ನೀಲಿ ಹಿಟ್ಟು.
ಬಿಸಿನೀರು ಸುರಿದರು, ಬುರುಗು ಬಂತು,
ಅವರ ಮುಖ ಗೆಲುವಾಗಲಿಲ್ಲ.
"ಓಡಿ ಸತ್ತಿದ್ದಲ್ಲ ಇದು, ನಿಂತು ಸತ್ತಿದ್ದು.
ಗಡಿಯಾರಕ್ಕಿಷ್ಟು, ರೇಡಿಯೋಗಿಷ್ಟು ಅಂತ ಕೊಡ್ತಾನೇ ಇತ್ತು,
ವಾಪಸ್ ತುಂಬೋರು ಯಾರು?
ಏಪ್ರಿಲ್ ಬಿಸಿಲು ಒಳಗಿನ ನೀರನ್ನೂ ಕುಡೀತು.
ಆರು ಸೆಲ್ಲಮ್ಮಾ ಇದರಲ್ಲಿ, ಸಾಲಾಗಿ ಕೈ ಹಿಡ್ಕೊಂಡಿರ್ತವೆ.
ಒಂದು ಮುನಿಸಿಕೊಂಡ್ರೆ ಐದಕ್ಕೂ ಕತ್ತಲೆ."
ಮುನಿರತ್ನಮ್ಮ ನಕ್ಕರು, ಬಾಯಿಗೆ ಸೆರಗು ಹಿಡಿದು:
"ನಮ್ಮನೇಲೂ ಆರೇ ಜನ."
ಹಳೆಯದಕ್ಕೆ ಒಂಬೈನೂರು ಕಳೆದು ಹೊಸದು ಹಾಕಿಸಿದರು.
ಒಂಬೈನೂರು ಕಡಿಮೆ ಅಂತ ಕಾಲು ಗಂಟೆ ಚೌಕಾಸಿ.

ಅಂಬಾಜಿದುರ್ಗದ ಕಡೆಯ ಇಳಿಜಾರಿನಲ್ಲಿ
ಬ್ರೇಕು ತುಳಿದೇ ಇಟ್ಟರು.
ಸುಟ್ಟ ಕೂದಲಿನ ವಾಸನೆ.
ಗೇರು ಇಳಿಸಿ, ಇಂಜಿನ್ನೇ ಜಗ್ಗಿ ಹಿಡಿಯುತ್ತೆ ಅಂದೆ.
ಕಾದ ಬ್ರೇಕಿಗೂ ಸಿಟ್ಟಿಗೂ ಹಿಡಿತ ಇರಲ್ಲ ಅಂತಲೂ ಅಂದೆ,
ಅದು ಯಾಕೆ ಅಂದೆನೋ.
ಅವರು ಉತ್ತರ ಕೊಡಲಿಲ್ಲ,
ಎರಡನೇ ಗೇರಿಗೆ ತಂದರು.

ಹದಿನೇಳನೇ ದಿನ.
ಶಿಡ್ಲಘಟ್ಟದ ಕಡೆಯಿಂದ ಒಂದು ಮೊಪೆಡ್ಡು,
ಆಳೆತ್ತರದ ಗೂಡಿನ ಮೂಟೆ, ಹಿಂದಿನದೇನೂ ಕಾಣದು,
ಸರಕ್ಕನೆ ಅಡ್ಡ ತಿರುಗಿತು.
ನನ್ನ ಕಾಲು ನನ್ನನ್ನು ಕೇಳದೆ ಹೋಯಿತು.
ಹೋದರೆ
ಅಲ್ಲಿ ಪೆಡಲೇ ಇಲ್ಲ.
ಆಗಲೇ ತಳ ಸೇರಿತ್ತು,
ಅವರ ಕಾಲ ಜೊತೆ, ಅವರ ಹೊತ್ತಿಗೆ.

ಒಂದು ಗೂಡು ಬಾನೆಟ್ಟಿನ ಮೇಲೆ ಬಿದ್ದು
ನಿಧಾನವಾಗಿ ಉರುಳಿ ನಿಂತಿತು.
"ಹಗ್ಗ ಸರಿಯಾಗಿ ಕಟ್ಟಯ್ಯಾ" ಎಂದು ಅವನನ್ನು ಬೈದು
ಮುನಿರತ್ನಮ್ಮ ಮೊದಲನೇ ಗೇರು ಹಾಕಿದರು.

ಸಂಜೆ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಿದ್ದೆ.
ಡ್ರೈವರು ಪ್ರತಿ ತಿರುವಿನಲ್ಲೂ ತಡವಾಗಿ ಹಿಡಿಯುವವನು.
ಪಕ್ಕದಲ್ಲಿದ್ದ ಹೂವಿನಾಕೆ ಕುಕ್ಕೆ ಸರಿಸಿಕೊಂಡು
ಕೇಳಿದಳು:
"ಯಾಕಮ್ಮ, ಕಾಲು ನೋವಾ?
ಆಗಿಂದ ನೆಲ ಒತ್ತುತಾ ಇದೀರಿ."